ಆಟಕ್ಕೂ ಫೀಸಾ? ಪ್ಲೇ ಥೆರಪಿಯ ಟೀಕಾಕಾರರಿಗೆ ಒಂದು ಉತ್ತರ

ಪ್ಲೇ ಥೆರಪಿ ಬೇಡವೆನ್ನುವವರಲ್ಲಿ ಎರಡು ಪಂಗಡ. ಮೊದಲನೆಯವರ ಪ್ರಕಾರ ಅದರಲ್ಲಿ ಏನೂ ಇಲ್ಲ. ಮಗುವಿನ ಮುಂದೆ ನಾಲ್ಕು ಗೊಂಬೆ ಹರಡಿ, ಮುಕ್ಕಾಲು ಗಂಟೆ ಸುಮ್ಮನೆ ಕೂತು ಫೀಸು ತೆಗೆದುಕೊಳ್ಳುವ ನಾಜೂಕಾದ ದಂಧೆ ಅದು. ಎರಡನೆಯವರ ಪ್ರಕಾರ ಅದರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಮಗುವಿನ ತಲೆಯಲ್ಲಿ ಇಲ್ಲದ್ದನ್ನು ತುಂಬುತ್ತಾರೆ, ಅಪ್ಪ ಅಮ್ಮನ ಮೇಲೆ ಎತ್ತಿಕಟ್ಟುತ್ತಾರೆ, ಶಿಸ್ತು ಕೆಡಿಸುತ್ತಾರೆ ಎಂಬ ಭಯ ಅವರದು. ಎಷ್ಟೋ ಸಲ ಈ ಎರಡೂ ಮಾತು ಒಬ್ಬರ ಬಾಯಿಂದಲೇ ಬರುತ್ತವೆ. ಏನೂ ಇಲ್ಲದ ಔಷಧ ಅಡ್ಡಪರಿಣಾಮ ಮಾಡುವುದಾದರೂ ಹೇಗೆ ಎಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಜಿಲ್ಲಾ ಕೇಂದ್ರವೊಂದರಲ್ಲಿ ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಕ್ಲಿನಿಕ್ಕಿನ ಬೆಂಚಿನ ಮೇಲೆ, ಶಾಲೆಗಳ ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ನನ್ನ ಕಿವಿಗೆ ಬಿದ್ದ ಆಕ್ಷೇಪಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಕೆಲವಕ್ಕೆ ನಾಲ್ಕು ಮಾತು ಸಾಕು. ಇನ್ನು ಕೆಲವು ಗಟ್ಟಿ ಆಕ್ಷೇಪಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನಾನೇ ಒಪ್ಪುತ್ತೇನೆ.

ಎಲ್ಲರೂ ಮೊದಲು ಕೇಳುವುದು ಇದು: "ಮಕ್ಕಳು ಮನೇಲೇ ಆಡ್ತಾವಲ್ಲ ಮೇಡಂ, ಅದಕ್ಕೆ ನಿಮ್ಮ ಹತ್ರ ಯಾಕೆ ಬರಬೇಕು?"

ಬಹುಪಾಲು ಮಕ್ಕಳು ಬರಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಬೈಸಿಕೊಂಡು ಬಂದ ಹುಡುಗಿ ಸಂಜೆ ಜಗಲಿಯ ಕಂಬಗಳನ್ನೆಲ್ಲ ಮಕ್ಕಳನ್ನಾಗಿ ಮಾಡಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ತಾನೇ ಮೇಷ್ಟ್ರಾಗಿ ಒಂದೊಂದಕ್ಕೂ ಬಾರಿಸುತ್ತಾಳೆ. ಅರ್ಧ ಗಂಟೆಯಾದ ಮೇಲೆ ಕೋಲು ಬಿಸಾಡಿ ಊಟಕ್ಕೆ ಓಡುತ್ತಾಳೆ. ಅಲ್ಲಿಗೆ ಆ ಲೆಕ್ಕ ಚುಕ್ತಾ. ಅಡುಗೆ ಆಟ, ಗೊಂಬೆ ಮದುವೆ, ಡಾಕ್ಟ್ರಾಟಗಳಲ್ಲಿ ಮಕ್ಕಳು ದಿನದಿನದ ನೋವನ್ನು ತಾವೇ ಹೀಗೆ ತೀರಿಸಿಕೊಳ್ಳುತ್ತಾರೆ. ಅಲ್ಲಿಗೆ ಯಾವ ಥೆರಪಿಸ್ಟೂ ಬೇಡ, ಹೋದರೆ ಅಡ್ಡಿಯೇ.

ಆದರೆ ಕೆಲವು ಸಲ ಆ ಲೆಕ್ಕ ಚುಕ್ತಾ ಆಗುವುದಿಲ್ಲ. 1976ರ ಜುಲೈ 15ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಸಣ್ಣ ಊರಿನಲ್ಲಿ ಬಂದೂಕು ಹಿಡಿದ ಮೂವರು ಒಂದು ಶಾಲಾ ಬಸ್ಸನ್ನು ಅಡ್ಡಗಟ್ಟಿದರು. 26 ಮಕ್ಕಳನ್ನೂ ಡ್ರೈವರನ್ನೂ ವ್ಯಾನುಗಳಲ್ಲಿ ತುಂಬಿ ದೂರದ ಕಲ್ಲುಕ್ವಾರಿಗೆ ಒಯ್ದರು. ಅಲ್ಲಿ ನೆಲದಡಿ ಹೂತಿಟ್ಟಿದ್ದ ಹಳೆಯ ಲಾರಿಯೊಂದರ ಡಬ್ಬಿಯೊಳಗೆ ಎಲ್ಲರನ್ನೂ ಇಳಿಸಿ ಮೇಲೆ ಮುಚ್ಚಿದರು. ಸುಮಾರು ಹದಿನಾರು ಗಂಟೆಯ ಮೇಲೆ ಒಳಗಿದ್ದವರೇ ದಾರಿ ಮಾಡಿಕೊಂಡು ಹೊರಬಂದರು. ಒಬ್ಬರೂ ಸಾಯಲಿಲ್ಲ. ಮಕ್ಕಳು ಕ್ಷೇಮವಾಗಿದ್ದಾರೆ, ಮರೆತುಬಿಡುತ್ತಾರೆ ಎಂದು ಊರವರು ನಿಟ್ಟುಸಿರು ಬಿಟ್ಟರು. ಆಮೇಲೆ ಲೆನೋರ್ ಟೆರ್ ಎಂಬ ಮಕ್ಕಳ ಮನೋವೈದ್ಯೆ ಆ ಮಕ್ಕಳನ್ನು ಭೇಟಿಯಾಗುತ್ತ ಹೋದರು, ವರ್ಷಗಳ ನಂತರವೂ ಮತ್ತೆ ಹೋಗಿ ಕಂಡರು. ಅವರು ನೋಡಿದ ಆಟ ಬೇರೆಯೇ ಬಗೆಯದು. ಅದೇ ಘಟನೆ, ಅದೇ ಕ್ರಮ, ಅದೇ ಕೊನೆ. ಅದರಲ್ಲಿ ನಗುವಿಲ್ಲ, ಆಡಿ ಮುಗಿಸಿದ ಮೇಲೆ ಹಗುರವಾದ ಲಕ್ಷಣವೂ ಇಲ್ಲ. ಕೆಲವು ಮಕ್ಕಳಲ್ಲಿ ಆಟವೇ ಭಯವನ್ನು ಇನ್ನಷ್ಟು ಕೆದಕುತ್ತಿತ್ತು. 1981ರಲ್ಲಿ ಟೆರ್ ಇದನ್ನು ಬರೆದರು. ಆಡಿಕೊಂಡರೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಕ್ಯಾಲಿಫೋರ್ನಿಯಾ ದೂರವಾಯಿತು ಎನ್ನುವವರಿಗೆ ಹತ್ತಿರದ್ದೊಂದು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಏಳು ವರ್ಷದ ಹುಡುಗ. ಅಪ್ಪನ ಬೈಕಿನಲ್ಲಿ ಟ್ಯಾಂಕಿನ ಮೇಲೆ ಕೂತು ಹೋಗುತ್ತಿದ್ದಾಗ ಟಿಪ್ಪರ್ ತಾಗಿತು. ಅಪ್ಪನಿಗೆ ತಲೆಗೂ ಕಾಲಿಗೂ ಪೆಟ್ಟು, ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ. ಅಪ್ಪ ಗುಣವಾಗಿ ಮನೆಗೆ ಬಂದರೂ ಹುಡುಗ ರಾತ್ರಿ ಮಲಗುವುದಿಲ್ಲ, ಶಾಲೆಯ ಆಟೋ ಹತ್ತುವುದಿಲ್ಲ. "ದಿನಾ ಬೈಕ್ ಬೀಳ್ಸೋದೊಂದೇ ಆಟ ಮೇಡಂ, ಬೈದ್ರೂ ಬಿಡಲ್ಲ" ಎಂದಳು ಅವನ ತಾಯಿ. ಏನಾಯಿತು ಎಂದು ಮನೆಯವರೆಲ್ಲ ಕೂರಿಸಿಕೊಂಡು ಕೇಳಿದ್ದರು. "ಆಕ್ಸಿಡೆಂಟ್ ಆಯ್ತು" ಎನ್ನುವುದರಾಚೆ ಅವನು ಬಾಯಿಬಿಟ್ಟಿರಲಿಲ್ಲ.

ನಮ್ಮ ಕೋಣೆಯಲ್ಲಿ ಒಂದು ಅಗಲವಾದ ಮರದ ತಟ್ಟೆಯಲ್ಲಿ ಮರಳು ಇದೆ. ಅವನು ಬೈಕು ಬೀಳಿಸಿದ, ಅದರ ಮೇಲೆ ಮರಳು ಸುರಿದ, ತೆಗೆದ, ಮತ್ತೆ ಬೀಳಿಸಿದ. ನಾನು ಅವನ ಎತ್ತರಕ್ಕೆ ನೆಲದ ಮೇಲೆ ಕೂತಿದ್ದೆ. ಯಾಕೆ ಎಂದು ಕೇಳಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. "ಬೈಕು ಪೂರ್ತಿ ಮುಚ್ಚಿಹೋಯ್ತು. ಯಾರಿಗೂ ಕಾಣಿಸ್ತಿಲ್ಲ" ಎಂದು ಕಂಡದ್ದನ್ನಷ್ಟೇ ಹೇಳಿದೆ. ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಡಾಕ್ಟರ್ ಸೆಟ್ಟನ್ನೂ ಆಟಿಕೆ ಫೋನನ್ನೂ ನನ್ನ ಮಡಿಲಿಗೆ ಹಾಕಿ ಅಪ್ಪಣೆ ಮಾಡಿದ: "ಮಿಸ್, ನೀವು ಡಾಕ್ಟ್ರು. ಫೋನ್ ಬರುತ್ತೆ. ಎತ್ತಬಾರ್ದು." ನಾನು ಎತ್ತಲಿಲ್ಲ. ಅವನು ಬಾಯಲ್ಲೇ ರಿಂಗ್ ಮಾಡುತ್ತ ಹೋದ, ದನಿ ಏರುತ್ತ ಹೋಯಿತು. "ಎಷ್ಟು ಕರೆದ್ರೂ ಯಾರೂ ಮಾತಾಡ್ತಿಲ್ಲ" ಎಂದೆ. "ಅಪ್ಪ ಮಾತಾಡ್ಲಿಲ್ಲ" ಎಂದ ಹುಡುಗ, ಗೊಂಬೆ ಬಿಟ್ಟು ನನ್ನ ಪಕ್ಕ ಬಂದು ಕೂತ.

ಅಪ್ಪ ರಸ್ತೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಗ ಈ ಹುಡುಗ ಅವರನ್ನು ಕರೆಯುತ್ತಲೇ ಇದ್ದನಂತೆ. ಮನೆಯವರು ಹೆದರಿದ್ದು ಟಿಪ್ಪರಿಗೆ, ಅವನು ಹೆದರಿದ್ದು ಉತ್ತರ ಬಾರದ ಆ ಕೆಲವು ನಿಮಿಷಕ್ಕೆ. ಅದು ಗೊತ್ತಾದ ಮೇಲೆ ಅಪ್ಪನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾಕೆ ಮಾತಾಡಲಾಗಲಿಲ್ಲವೆಂದು ಹೇಳಿದರು. ಮರಳಿನ ತಟ್ಟೆಗೆ ಆಂಬುಲೆನ್ಸ್ ಬಂತು, ಡ್ರೈವರ್ ಅವನೇ. ನಿದ್ದೆ ನಿಧಾನವಾಗಿ ಮರಳಿತು, ಆಟೋನೂ ಹತ್ತಿದ. ಮುಂಗೋಪ ಮಾತ್ರ ಉಳಿಯಿತು, ಅದಕ್ಕೆ ತಂದೆ ತಾಯಿಯ ಜೊತೆ ಬೇರೆಯಾಗಿ ಕೂರಬೇಕಾಯಿತು. ಮನೆಯಲ್ಲಿ ಅವನು ಆಡುತ್ತಿದ್ದದ್ದೂ ಇದೇ ಆಟ. ನೋಡುತ್ತ ಕೂರುವವರೊಬ್ಬರು ಅಲ್ಲಿರಲಿಲ್ಲ, ಬೈಯುವವರಿದ್ದರು. ಫೀಸು ತೆಗೆದುಕೊಳ್ಳುವುದು ಆ ನೋಡುವಿಕೆಗೆ. ಗೊಂಬೆಗಳನ್ನು ಯಾರು ಬೇಕಾದರೂ ಜಾತ್ರೆಯಲ್ಲಿ ಕೊಳ್ಳಬಹುದು.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎನ್ನುವುದು ಹಿರಿಯರ ಆಕ್ಷೇಪ. ಇತ್ತಲ್ಲ! ಮಗು ಬೆಚ್ಚಿಬಿದ್ದಿದೆ, ಹೆದರಿಕೊಂಡಿದೆ ಎಂದು ಅಜ್ಜಿಯರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ದೃಷ್ಟಿ ತೆಗೆಯುತ್ತಿದ್ದರು, ದೇವಸ್ಥಾನದಲ್ಲಿ ದಾರ ಕಟ್ಟಿಸುತ್ತಿದ್ದರು, ಜಾತಿ ಮತ ನೋಡದೆ ದರ್ಗಾಕ್ಕೆ ಎತ್ತಿಕೊಂಡು ಹೋಗಿ ತಾಯತ ಹಾಕಿಸುತ್ತಿದ್ದರು. ಮಗುವಿನ ಮನಸ್ಸಿಗೂ ಪೆಟ್ಟು ಬೀಳುತ್ತದೆ, ಅದಕ್ಕೂ ಏನಾದರೂ ಮಾಡಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆ ಅರಿವು ತಾಯತ ಕಟ್ಟಿಸಿದವರಿಗಿತ್ತು, ಈಗ "ಮಕ್ಕಳಿಗೆಂಥಾ ಟೆನ್ಷನ್ನು" ಎನ್ನುವ ಓದಿದವರಿಗಿಲ್ಲ. ಇನ್ನು "ನಾವು ಏಟು ತಿಂದೇ ಬೆಳೆದ್ವಿ, ಏನಾಗಿದೆ ನಮಗೆ?" ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಅವರ ಹೆಂಡತಿಯನ್ನೋ ಮಕ್ಕಳನ್ನೋ ಕೇಳಿದರೆ ಅವರೇ ಹೇಳುತ್ತಾರೆ.

ಶಿಕ್ಷಕರು ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ: ಶಾಲೆಯಲ್ಲಿ ನಲಿ ಕಲಿ ಇದೆ, ಅಂಗನವಾಡಿಯಲ್ಲಿ ಚಿಲಿಪಿಲಿ ಇದೆ, ಎಲ್ಲ ಆಟದಲ್ಲೇ ನಡೆಯುತ್ತಿರುವಾಗ ಮತ್ತೊಂದು ಯಾಕೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ ಕಲಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿಯ ಆಟಕ್ಕೆ ಒಂದು ಗುರಿ ಇದೆ. ಮಗು ಅಕ್ಷರ ಕಲಿಯಬೇಕು, ಲೆಕ್ಕ ಬರಬೇಕು, ಮೆಟ್ಟಿಲು ಏರಬೇಕು. ನಮ್ಮ ಕೋಣೆಯಲ್ಲಿ ಮಗು ಏನನ್ನೂ ಕಲಿಯಬೇಕಾಗಿಲ್ಲ, ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಹಸುವಿಗೆ ನೇರಳೆ ಬಣ್ಣ ಬಳಿದರೆ "ಹಸು ಹಾಗಿರುತ್ತಾ?" ಎಂದು ಕೇಳುವವರಿಲ್ಲ, "ಗುಡ್" ಎನ್ನುವವರೂ ಇಲ್ಲ. ಒಂದು ಪಾಠಕ್ಕೆ, ಇನ್ನೊಂದು ಮನಸ್ಸಿಗೆ. ಒಂದಿದ್ದರೆ ಇನ್ನೊಂದು ಬೇಡ ಎಂದಾಗುವುದಿಲ್ಲ.

ಇದು ವಿದೇಶಿ ಸರಕು ಎಂಬ ಆಕ್ಷೇಪದ ಇತಿಹಾಸ ಸರಿಯಾಗಿದೆ, ತೀರ್ಮಾನ ತಪ್ಪಾಗಿದೆ. ವಿಯೆನ್ನಾದಲ್ಲಿ ಹರ್ಮಿನ್ ಹುಗ್‌ಹೆಲ್ಮುತ್, ಆಮೇಲೆ ಆನಾ ಫ್ರಾಯ್ಡ್. ಬರ್ಲಿನ್ನಿನಲ್ಲೂ ಲಂಡನ್ನಿನಲ್ಲೂ ಮೆಲನಿ ಕ್ಲೈನ್. ಅಮೆರಿಕದಲ್ಲಿ ಕಾರ್ಲ್ ರೋಜರ್ಸ್ ಅವರ ದಾರಿಯಲ್ಲಿ ನಡೆದು 1947ರಲ್ಲಿ 'ಪ್ಲೇ ಥೆರಪಿ' ಎಂಬ ಪುಸ್ತಕ ಬರೆದ ವರ್ಜೀನಿಯಾ ಆಕ್ಸ್‌ಲೈನ್. ಈ ವಿದ್ಯೆ ಬೆಳೆದದ್ದು ಅಲ್ಲೇ. ಮರಳಿನ ತಟ್ಟೆಯ ಮೂಲವೂ ಲಂಡನ್ನೇ. ಅಲ್ಲಿ 1928ರಲ್ಲಿ ಮಕ್ಕಳ ಕ್ಲಿನಿಕ್ ತೆರೆದ ಡಾ. ಮಾರ್ಗರೆಟ್ ಲೋವೆನ್‌ಫೆಲ್ಡ್ ಒಂದು ಡಬ್ಬಿಯ ತುಂಬ ಸಣ್ಣಪುಟ್ಟ ಸಾಮಾನು ಇಟ್ಟರು. ಮಕ್ಕಳೇ ಅವನ್ನು ಮರಳಿನ ಮೇಲೆ ಜೋಡಿಸಿ ತಮ್ಮ ತಮ್ಮ ಪ್ರಪಂಚ ಕಟ್ಟತೊಡಗಿದರು. ಆಕೆಗೆ ಅದು ಹೊಳೆಯಲು ಕಾರಣ ಎಚ್. ಜಿ. ವೆಲ್ಸ್ ತನ್ನ ಗಂಡುಮಕ್ಕಳ ಜೊತೆ ನೆಲದ ಮೇಲೆ ಆಡಿದ ಆಟಗಳ ಬಗ್ಗೆ 1911ರಲ್ಲಿ ಬರೆದ ಪುಸ್ತಕ. ಮನೆಯ ಆಟವೊಂದು ಹೀಗೆ ಕ್ಲಿನಿಕ್ಕಿಗೆ ಬಂತು. ಮಗು ಮರಳಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟುವುದನ್ನು ನಾವೇನು ಲಂಡನ್ನಿನಿಂದ ತರಿಸಿಕೊಂಡೆವೆ?

ಈ ಆಕ್ಷೇಪಕ್ಕೆ ಗಟ್ಟಿಯಾದ ಭಾಗವೂ ಒಂದಿದೆ, ಅದನ್ನು ಎತ್ತುವವರೇ ಕಡಿಮೆ. ನಮ್ಮ ನಗರಗಳ ಕೆಲವು ಥೆರಪಿ ಕೋಣೆಗಳಿಗೆ ಹೋಗಿ ನೋಡಿ. ಇಳಿಜಾರು ಮಾಡಿನ ಗೊಂಬೆಮನೆ, ಹೊಂಬಣ್ಣದ ಕೂದಲಿನ ಅಮ್ಮ, ಟೈ ಕಟ್ಟಿದ ಅಪ್ಪ, ಎರಡು ಮಕ್ಕಳು, ಒಂದು ನಾಯಿ. ಅಜ್ಜಿಯೇ ಇಲ್ಲ! ಅಜ್ಜಿಯ ಪಕ್ಕದಲ್ಲಿ ಮಲಗುವ, ಚಿಕ್ಕಪ್ಪನಿಗೆ ಹೆದರುವ, ಅತ್ತೆ ಸೊಸೆ ಜಗಳದ ನಡುವೆ ಊಟ ಮಾಡುವ ಮಗು ಆ ಮನೆಯಲ್ಲಿ ತನ್ನ ಕತೆಯನ್ನು ಎಲ್ಲಿ ಇಡಬೇಕು? ನಮ್ಮ ಕಪಾಟಿನಲ್ಲಿ ಚನ್ನಪಟ್ಟಣದ ಮರದ ಗೊಂಬೆಗಳ ಜೊತೆ ಆಟೋ, ಟಿಪ್ಪರ್, ಕುಕ್ಕರ್, ಬಿಂದಿಗೆ, ಎಮ್ಮೆ, ಹಾವು, ತುಳಸಿಕಟ್ಟೆ, ಮಸೀದಿ, ಪೊಲೀಸು ಎಲ್ಲ ಇವೆ. ಸೀರೆ ಸುತ್ತಿದ ಅಜ್ಜಿಯನ್ನು ನಾವೇ ಬಟ್ಟೆಯಲ್ಲಿ ಹೊಲಿದುಕೊಂಡಿದ್ದೇವೆ. ಕೋಣೆಯಲ್ಲಿ ಅತಿ ಹೆಚ್ಚು ಸವೆದಿರುವ ಗೊಂಬೆ ಅದೇ. ಮಾತೂ ಹಾಗೆಯೇ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವಿನ ಸಿಟ್ಟನ್ನು ಇಂಗ್ಲಿಷಿನಲ್ಲಿ ಸಮಾಧಾನ ಮಾಡಲು ಹೊರಟವರ ಮೇಲೆ ಟೀಕಾಕಾರರು ಹರಿಹಾಯ್ದರೆ ನಾನೂ ಅವರ ಜೊತೆಗೆ ನಿಲ್ಲುತ್ತೇನೆ.

"ಅಲ್ಲಿ ಹೋದ್ರೆ ಮಕ್ಕಳು ಕೆಡ್ತಾರೆ. ಏನು ಬೇಕಾದ್ರೂ ಮಾಡಬಹುದಂತೆ. ಕತ್ತಿ, ಪಿಸ್ತೂಲು ಬೇರೆ ಕೊಡ್ತಾರಂತೆ." ಇದು ಬರಿಯ ಗಾಳಿಮಾತಲ್ಲ. ರಬ್ಬರಿನ ಕತ್ತಿ ನಮ್ಮಲ್ಲಿದೆ. ಈ ವಿಷಯದಲ್ಲಿ ದೊಡ್ಡ ಹೆಸರಾದ ಅಮೆರಿಕದ ಗ್ಯಾರಿ ಲ್ಯಾಂಡ್ರೆತ್ ಕೋಣೆಯ ಆಟಿಕೆಗಳನ್ನು ಮೂರು ಬಗೆ ಮಾಡುತ್ತಾರೆ: ಮನೆ ಸಂಸಾರದವು, ಸಿಟ್ಟು ತೋರಿಸಿಕೊಳ್ಳುವವು, ಬಣ್ಣ ಜೇಡಿಮಣ್ಣಿನಂಥವು. ಎರಡನೆಯ ಬಗೆಯನ್ನು ಬಚ್ಚಿಟ್ಟರೆ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲಿ ತಂಗಿಯ ಬೆನ್ನ ಮೇಲೆ ಬೀಳುತ್ತದೆ. ಆದರೆ ಏನು ಬೇಕಾದರೂ ಮಾಡಬಹುದು ಎಂಬುದು ಸುಳ್ಳು. ಮಗು ಮರದ ದಿಮ್ಮಿ ಎತ್ತಿ ನನ್ನತ್ತ ಬೀಸಲು ಬಂದರೆ ನಾನು ಹೇಳುವ ಮಾತು ಮೂರು: "ನಿಂಗೆ ನನ್ನ ಮೇಲೆ ತುಂಬಾ ಸಿಟ್ಟು ಬಂದಿದೆ. ನಾನು ಹೊಡೆಸ್ಕೊಳ್ಳೋಕೆ ಇರೋಳಲ್ಲ. ಆ ದಿಂಬಿಗೆ ಹೊಡೀಬಹುದು." ಮೊದಲು ಸಿಟ್ಟನ್ನು ಒಪ್ಪುವುದು, ಆಮೇಲೆ ಗೆರೆ ಎಳೆಯುವುದು, ಕೊನೆಗೆ ಬೇರೆ ದಾರಿ ತೋರಿಸುವುದು. ಈ ಕ್ರಮವೂ ಲ್ಯಾಂಡ್ರೆತ್ ಕಲಿಸಿದ್ದೇ. "ಬಾರಿಸ್ತೀನಿ ನೋಡು" ಎನ್ನುವುದರಲ್ಲಿ ಇರುವುದಕ್ಕಿಂತ ಇದರಲ್ಲಿ ಶಿಸ್ತು ಹೆಚ್ಚಿದೆ. ಬೆದರಿಕೆ ಹಾಕಿದವರು ಎದುರಿಗೆ ಇಲ್ಲದಾಗ ಆ ಬೆದರಿಕೆಗೆ ಬೆಲೆಯಿಲ್ಲ. ಸಿಟ್ಟು ಬಂದಾಗ ದಿಂಬಿನ ಕಡೆ ತಿರುಗಲು ಕಲಿತ ಮಗುವಿಗೆ ಕಾವಲು ಬೇಡ.

ಇನ್ನು ಗಟ್ಟಿ ಆಕ್ಷೇಪಗಳು. "ಗೊಂಬೆ ನೋಡಿ ಏನೇನೋ ಅರ್ಥ ಹಚ್ಚುತ್ತೀರಿ" ಎಂಬುದು ಒಂದು. ಮಗು ಕಪ್ಪು ಬಣ್ಣ ಬಳಿದರೆ ಖಿನ್ನತೆ, ಅಪ್ಪನ ಗೊಂಬೆ ಬೀಳಿಸಿದರೆ ಅಪ್ಪನ ಮೇಲೆ ದ್ವೇಷ! ಹೀಗೆ ಹೇಳುವ ಥೆರಪಿಸ್ಟರು ಇದ್ದಾರೆ, ಅವರಿಂದ ದೂರವಿರಿ. ಈ ಆಕ್ಷೇಪವನ್ನು ಸುಮಾರು ನೂರು ವರ್ಷದ ಹಿಂದೆ ಎತ್ತಿದವರು ಹೊರಗಿನವರಲ್ಲ, ಆನಾ ಫ್ರಾಯ್ಡ್. ಮೆಲನಿ ಕ್ಲೈನ್ ಮಕ್ಕಳ ಒಂದೊಂದು ಆಟದಲ್ಲೂ ಒಳ ಅರ್ಥ ಹುಡುಕುತ್ತಿದ್ದಾಗ, 1927ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಆನಾ ಅದನ್ನು ಒಪ್ಪಲಿಲ್ಲ. ಆಟದಲ್ಲಿ ಎರಡು ಗಾಡಿ ಡಿಕ್ಕಿಯಾದರೆ ಮಗು ಬೀದಿಯಲ್ಲಿ ನಿನ್ನೆ ಅಂಥದ್ದನ್ನು ಕಂಡಿರಬಹುದು, ಅಷ್ಟೆ. ಬಂದ ನೆಂಟರಾಕೆಯ ಕೈಚೀಲವನ್ನು ಮಗು ತೆರೆದು ನೋಡಿದರೆ ತನಗೇನಾದರೂ ತಂದಿದ್ದಾರಾ ಎಂಬ ಕುತೂಹಲ ಇರಬಹುದು, ಅಷ್ಟೆ. ಈ ವಿದ್ಯೆ ಹುಟ್ಟಿದಾಗಿನಿಂದ ತನ್ನೊಳಗೇ ಈ ಜಗಳ ಆಡುತ್ತ ಬಂದಿದೆ. ಇವತ್ತು ನನ್ನಂಥವರು ಮಾಡುವ ಕೆಲಸ ಆನಾ ಅವರ ಎಚ್ಚರಿಕೆಗೆ ಹತ್ತಿರದ್ದು. ಕಂಡದ್ದನ್ನು ಹೇಳುತ್ತೇವೆ, ಅರ್ಥವನ್ನು ಮಗುವಿಗೆ ಬಿಡುತ್ತೇವೆ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಟೀಕಾಕಾರರು ಅದನ್ನು ಎತ್ತದಿದ್ದರೆ ನಾನೇ ಎತ್ತುತ್ತೇನೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಸಿಬ್ಬಂದಿಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ನೂರಾರು ಮಕ್ಕಳನ್ನು ಕೂರಿಸಿ, ಕೈಗೆ ಗೊಂಬೆ ಕೊಟ್ಟು, ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಿದರು. ಇಲ್ಲ ಎಂದ ಮಕ್ಕಳನ್ನು ಮತ್ತೆ ಮತ್ತೆ ಕೇಳಿದರು. ಮೊಕದ್ದಮೆ 1990ರವರೆಗೆ ನಡೆಯಿತು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ನಿರಪರಾಧಿಗಳ ಬದುಕು ಹಾಳಾಯಿತು, ಮಕ್ಕಳ ನೆನಪೂ ಕಲಬೆರಕೆಯಾಯಿತು. ಇದರಿಂದ ನಾನು ಕಲಿಯುವ ಪಾಠ ಒಂದೇ: ಆಟದ ಕೋಣೆ ಪೊಲೀಸ್ ಠಾಣೆ ಅಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆ ಮಗುವಿನ ಹೇಳಿಕೆ ಯಾರು, ಎಲ್ಲಿ, ಹೇಗೆ ಪಡೆಯಬೇಕೆಂದು ಬೇರೆಯಾಗಿಯೇ ಹೇಳುತ್ತದೆ. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಎಂಬಷ್ಟು ವಿವರವಾಗಿ ಹೇಳುತ್ತದೆ. ಮಗು ತಾನಾಗಿ ಏನಾದರೂ ಹೇಳಿದರೆ ವರದಿ ಮಾಡುವುದು ಕಾನೂನಿನ ಪ್ರಕಾರ ನನ್ನ ಕರ್ತವ್ಯ. ಹೇಳಿಸುವುದು ನನ್ನ ಕೆಲಸವಲ್ಲ. ವಿಚ್ಛೇದನದ ಕೇಸಿನಲ್ಲಿ "ಮಗು ಯಾರ ಜೊತೆ ಇರಲು ಇಷ್ಟಪಡುತ್ತೆ ಅಂತ ಆಟ ಆಡಿಸಿ ತಿಳಿದು ಬರೆದುಕೊಡಿ" ಎಂದು ಬರುವ ಅಪ್ಪ ಅಮ್ಮಂದಿರನ್ನು ನಾನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತೇನೆ.

ಎರಡನೆಯ ಗಟ್ಟಿ ಆಕ್ಷೇಪ ಸಾಕ್ಷ್ಯದ್ದು, ಹೆಚ್ಚಾಗಿ ವೈದ್ಯರಿಂದ ಬರುವಂಥದ್ದು. "ನೀವು ಹೇಳೋ ಕತೆ ಚೆನ್ನಾಗಿರುತ್ತೆ. ಡೇಟಾ ಎಲ್ಲಿ?" ಇದು ನ್ಯಾಯವಾದ ಪ್ರಶ್ನೆ. ಮೇಲಿನ ಹುಡುಗ ಕಾಲ ಕಳೆದಂತೆ ತಾನಾಗಿಯೇ ಚೇತರಿಸಿಕೊಳ್ಳುತ್ತಿದ್ದನೋ ಏನೋ, ಒಂದು ಮಗುವಿನ ಕತೆಯಿಂದ ಅದನ್ನು ಹೇಳಲಾಗದು. ಯೂಜೀನ್ ಲೆವಿಟ್ 1957ರಲ್ಲಿ ಮಕ್ಕಳ ಮನಶ್ಚಿಕಿತ್ಸೆಯನ್ನೆಲ್ಲ ಒಟ್ಟಾಗಿ ಲೆಕ್ಕ ಹಾಕಿ, ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂರನೇ ಎರಡು ಪಾಲು ಮಕ್ಕಳು ಸುಧಾರಿಸುತ್ತಾರೆ, ಪಡೆಯದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಆಮೇಲೆ ಹೋಲಿಕೆಯ ಗುಂಪು ಇಟ್ಟುಕೊಂಡು ಅಧ್ಯಯನ ಮಾಡುವುದು ಬೆಳೆಯಿತು. 2005ರಲ್ಲಿ ಸ್ಯೂ ಬ್ರಾಟನ್ ಮತ್ತು ಸಂಗಡಿಗರು ಅಂಥ 93 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಪರಿಣಾಮದ ಅಳತೆ 0.80 ಬಂತು. ಸರಳವಾಗಿ ಹೇಳುವುದಾದರೆ, ಆಟದ ಚಿಕಿತ್ಸೆ ಪಡೆದ ಸರಾಸರಿ ಮಗು ಪಡೆಯದ ನೂರು ಮಕ್ಕಳ ಪೈಕಿ ಸುಮಾರು 79 ಮಕ್ಕಳಿಗಿಂತ ಉತ್ತಮ ಸ್ಥಿತಿಯಲ್ಲಿತ್ತು.

ಇಲ್ಲಿಗೆ ನಿಲ್ಲಿಸಿ ಬೆನ್ನು ತಟ್ಟಿಕೊಳ್ಳುವ ಥೆರಪಿಸ್ಟರು ಬಹಳ. ಆದರೆ ಅದೇ ಬ್ರಾಟನ್ ಇನ್ನೊಬ್ಬರ ಜೊತೆ ಸೇರಿ 2015ರಲ್ಲಿ, ಮಗುವನ್ನೇ ಮುಂದಿಟ್ಟು ನಡೆಸುವ ಪದ್ಧತಿಯ 52 ಅಧ್ಯಯನಗಳನ್ನಷ್ಟೇ ಇನ್ನೂ ಬಿಗಿಯಾಗಿ ಅಳೆದಾಗ ಸಿಕ್ಕ ಅಂಕಿ 0.47. ಅಂದರೆ 79ರ ಜಾಗದಲ್ಲಿ ಸುಮಾರು 68. ಮಧ್ಯಮ ಪ್ರಮಾಣದ, ಆದರೆ ನಿಜವಾದ ಪ್ರಯೋಜನ. ಈ ಅಧ್ಯಯನಗಳಲ್ಲಿ ಎಷ್ಟೋ ಚಿಕ್ಕವು, ಎಷ್ಟೋ ಕಡೆ ಸುಧಾರಣೆಯನ್ನು ಅಳೆದವರು ಚಿಕಿತ್ಸೆ ನಡೆದದ್ದು ಗೊತ್ತಿದ್ದ ಪೋಷಕರೇ. ನಮ್ಮ ದೇಶದ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನಗಳು ಸಾಲವು. ಇದಿಷ್ಟನ್ನೂ ಒಪ್ಪಿಕೊಂಡ ಮೇಲೂ "ಸಾಕ್ಷ್ಯವೇ ಇಲ್ಲ" ಎನ್ನುವುದು ಸರಿಯಾಗುವುದಿಲ್ಲ. ಎಲ್ಲಕ್ಕೂ ಇದೇ ಮದ್ದು ಎನ್ನುವುದೂ ಅಷ್ಟೇ ತಪ್ಪು. ಆಟಿಸಂ ಅಥವಾ ಎಡಿಎಚ್‌ಡಿಯನ್ನು ಇದು ವಾಸಿ ಮಾಡುವುದಿಲ್ಲ. ಅವುಗಳ ಜೊತೆಗೆ ಬರುವ ಆತಂಕ, ಅಳುಕುಗಳಿಗೆ ನೆರವಾಗಬಹುದು. ಹತ್ತು ಹನ್ನೆರಡು ದಾಟಿದ ಮಗುವಿನ ಆತಂಕಕ್ಕೋ ಗೀಳಿಗೋ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ಹೆಚ್ಚು ಗಟ್ಟಿಯಾದ ಪುರಾವೆ ಇದೆ. ಊಟ ಬಿಟ್ಟ, ಸಾಯುವ ಮಾತಾಡುವ ಮಗುವನ್ನು ಮರಳಿನ ಮುಂದೆ ಕೂರಿಸಿ ಕಾಯುತ್ತ ಕೂರಬಾರದು, ಮನೋವೈದ್ಯರ ಬಳಿ ಅವತ್ತೇ ಕರೆದೊಯ್ಯಬೇಕು.

2005ರ ಆ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ, ಅದು ಮುಂದಿನ ಆಕ್ಷೇಪಕ್ಕೆ ಉತ್ತರವಾಗುತ್ತದೆ. "ಅಪ್ಪ ಅಮ್ಮ ಮಾಡಬೇಕಾದ್ದನ್ನು ದುಡ್ಡು ಕೊಟ್ಟು ಹೊರಗಿನವರ ಕೈಲಿ ಮಾಡಿಸೋದು ಸರಿಯಾ?" ಎಂದು ಕೇಳುವವರು ಗಮನಿಸಿ. ವೃತ್ತಿಪರರು ನಡೆಸಿದ ಚಿಕಿತ್ಸೆಯ ಅಳತೆ 0.72. ತರಬೇತಿ ಪಡೆದ ತಂದೆ ತಾಯಿ ತಾವೇ ನಡೆಸಿದಾಗ 1.15! ನಮ್ಮ ಹೊಟ್ಟೆಪಾಡಿಗೆ ಒಳ್ಳೆಯ ಸುದ್ದಿಯಲ್ಲ, ಆದರೂ ಹೇಳಲೇಬೇಕು. ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ 1960ರ ದಶಕದಲ್ಲೇ ಪೋಷಕರಿಗೆ ಇದನ್ನು ಕಲಿಸಲು ಹೊರಟಿದ್ದರು. ಈಗ ಹತ್ತು ವಾರದ ತರಬೇತಿಯ ಮಾದರಿಯೂ ಬಂದಿದೆ. ಪೋಷಕರು ಮಾಡಬೇಕಾದ್ದು ವಾರಕ್ಕೆ ಅರ್ಧ ಗಂಟೆ. ನಿಗದಿಯಾದ ದಿನ, ನಿಗದಿಯಾದ ಚಾಪೆ, ಬೇರೆ ಸಮಯದಲ್ಲಿ ಕೈಗೆ ಸಿಗದ ಒಂದು ಚೀಲ ಆಟಿಕೆ. ಮೊಬೈಲು ಇನ್ನೊಂದು ಕೋಣೆಯಲ್ಲಿ. ಆ ಅರ್ಧ ಗಂಟೆ ಪ್ರಶ್ನೆ ಕೇಳುವಂತಿಲ್ಲ, ಕಲಿಸುವಂತಿಲ್ಲ, ಹೊಗಳುವಂತಿಲ್ಲ, ತಿದ್ದುವಂತಿಲ್ಲ. ಮಗು ಕೊಟ್ಟ ಪಾತ್ರ ವಹಿಸಬೇಕು, ಕಂಡದ್ದನ್ನು ಹೇಳಬೇಕು.

ಸುಲಭ ಅನ್ನಿಸುತ್ತದಲ್ಲವೇ? ಕೂತು ನೋಡಿ. ಎಂಜಿನಿಯರ್ ತಂದೆಯೊಬ್ಬರು ಮೊದಲ ಸಲ ಮಗಳೆದುರು ಕೂತಾಗ ಎರಡು ನಿಮಿಷ ಸುಮ್ಮನಿರಲು ಆಗಲಿಲ್ಲ. "ಇದೇನು ಕಲರ್? ಎಷ್ಟು ಚಕ್ರ ಇದೆ? ಇಂಗ್ಲಿಷಲ್ಲಿ ಏನಂತಾರೆ?" ಮಗಳು ಬೆನ್ನು ತಿರುಗಿಸಿ ಕೂತಳು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ದೊಡ್ಡವರು ಮಕ್ಕಳ ಜೊತೆ ಆಡುವ ಮಾತಿನ ಬಹುಪಾಲು ಪರೀಕ್ಷೆಯೇ. ಆ ಚಟ ಬಿಡಿಸಲು ತರಬೇತಿ ಬೇಕು. ಹೊರಗಿನವರ ಅಗತ್ಯ ಬೀಳುವುದು ಅಲ್ಲಿ.

ಕೊನೆಯ ಆಕ್ಷೇಪ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ: "ಯಾರು ಬೇಕಾದ್ರೂ ಬೋರ್ಡ್ ಹಾಕ್ಕೋತಾರೆ." ನಿಜ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು. ಪ್ಲೇ ಥೆರಪಿಸ್ಟ್ ಎಂಬ ಹೆಸರಿಗೆ ಅಂಥ ಪ್ರತ್ಯೇಕ ನೋಂದಣಿ ಇಲ್ಲ. ಅಮೆರಿಕದಲ್ಲಿ ನೋಂದಾಯಿತ ಪ್ಲೇ ಥೆರಪಿಸ್ಟ್ ಆಗಲು ಮೊದಲು ಮಾನಸಿಕ ಆರೋಗ್ಯದ ಲೈಸೆನ್ಸ್ ಇರಬೇಕು, ಅದರ ಮೇಲೆ ಈ ತರಬೇತಿ. ಇಲ್ಲಿ ಶನಿವಾರ ಭಾನುವಾರ ಆನ್‌ಲೈನ್ ಕೋರ್ಸು ಮುಗಿಸಿ ಸೋಮವಾರ ಕೋಣೆ ತೆರೆದವರನ್ನು ನಾನೇ ಬಲ್ಲೆ. ಅದರ ಜೊತೆಗೆ ಒಳ್ಳೆಯ ಕೆಲಸವೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಅಲ್ಲೇ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ನಡೆಯುವ 'ಸಂವಾದ್' ಯೋಜನೆ, ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿವೆ. ಆದರೆ ಅದು ತಾಲ್ಲೂಕಿನವರೆಗೆ ಮುಟ್ಟಬೇಕಾದರೆ ಬಹಳ ದೂರವಿದೆ. ಬೋರ್ಡ್ ಹಾಕುವವರನ್ನು ಬೈಯುವ ಟೀಕಾಕಾರರು ಅಲ್ಲಿಗೆ ನಿಲ್ಲದೆ ನೋಂದಣಿ ಬೇಕೆಂದು ಸರ್ಕಾರವನ್ನೂ ಕೇಳಲಿ. ಆ ಅರ್ಜಿಗೆ ಮೊದಲ ಸಹಿ ನನ್ನದು.

ಅಲ್ಲಿಯವರೆಗೆ ಪೋಷಕರೇ ಎಚ್ಚರವಾಗಿರಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮೊದಲು ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಅಪಾಯವಿದ್ದರೆ 1098. ಇನ್ನು ಥೆರಪಿಸ್ಟರ ಎದುರು ಕೂತಾಗ ಸಂಕೋಚ ಬಿಟ್ಟು ಕೇಳಿ: ನಿಮ್ಮ ಓದು ಏನು, ಮಕ್ಕಳ ಜೊತೆ ತರಬೇತಿ ಎಲ್ಲಿ ಆಯಿತು, ನಿಮ್ಮ ಕೆಲಸವನ್ನು ಮೇಲಿನಿಂದ ನೋಡುವ ಹಿರಿಯರು ಯಾರಾದರೂ ಇದ್ದಾರಾ, ಎಷ್ಟು ವಾರದ ಮೇಲೆ ನಮ್ಮನ್ನು ಕೂರಿಸಿ ಏನು ಬದಲಾಯಿತೆಂದು ಹೇಳುತ್ತೀರಿ, ನಿಮ್ಮಿಂದ ಆಗದಿದ್ದರೆ ಯಾರ ಹತ್ತಿರ ಕಳಿಸುತ್ತೀರಿ? ಒಳ್ಳೆಯ ಥೆರಪಿಸ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಸಿಡುಕುವವರ, "ಹತ್ತು ಸೆಷನ್‌ನಲ್ಲಿ ಗ್ಯಾರಂಟಿ" ಎನ್ನುವವರ ಎದುರಿನಿಂದ ಮಗುವನ್ನು ಕರೆದುಕೊಂಡು ಎದ್ದು ಬನ್ನಿ.